ಲಗ್ನಪತ್ರಿಕಾದಾಗಿನ ಟೇಬಲ್ ನಾ ಕಿತ್ತಿದ್ದು

ಬ್ಯಾರೆಯವರು ಹಾದಿ ಹಿಡದು ಸುಮ್ಮನ ಹೋಗ್ತಾರ. ನಾ ಹೊಂಟ್ರ ಮಾತ್ರ ಏನರ ಒಂದು ಸುದ್ದಿ ಬೆನ್ನ ಹತ್ತಿ ಬರತೈತಿ. ನಾ ಸಾಲಿ ಕಟ್ಟಿ ಹತ್ತಿದಾಂವಲ್ಲ. ಇದನ್ನೂ ಬಾಯಿಲೇ ಹೇಳಾಕತ್ತೀನಿ, ಮೊಬೈಲ್ ಬರಕೊಳ್ಳಾಕತ್ತೈತಿ. ಆದ್ರ ಕಂಪ್ಯೂಟರಿನ್ಯಾಗಿನ ಟೇಬಲ್ ಕೀಳಾಂವ ಯಾರು ಅಂತ ಕಾಗವಾಡದಾಗ ಕೇಳ್ರಿ, ತೊಟ್ಟಲದಾಗಿನ ಕೂಸೂ ನನ್ನ ಮನಿ ಕಡೆ ಕೈ ಮಾಡತೈತಿ.

ಮ್ಯಾಲ ಯಾರು?

ಮೊಮ್ಮಗಳ ಲಗ್ನ ಮಿರಜದಾಗ ಗೊತ್ತಾತು. ನಮ್ಮದು ಕನ್ನಡ, ಬೀಗರದು ಮರಾಠಿ. ಪತ್ರಿಕಾದಾಗ ಯಾವ ಭಾಷಾ ಮ್ಯಾಲ? "ಹುಡುಗಿ ಕೊಡಾವ್ರು ನಾವು, ಕನ್ನಡನ ಮ್ಯಾಲ" ಅಂದೆ. "ಗಂಡಿನವ್ರು ನಾವು, ಮರಾಠಿನ ಮ್ಯಾಲ" ಅಂದ್ರು. ಮಾತಿಗೆ ಮಾತು ಬೆಳದು ಲಗ್ನ ಮುರಿಯೂ ಹಂಗ ಆತು.

ನಮ್ಮ ಸೊಸಿ, ಅಂದ್ರ ಹುಡುಗಿ ಅವ್ವ, ಭಾಳ ಶಾಣ್ಯಾಕಿ. ಆನ್‌ಲೈನ್ ಕಾಗದದಾಗ ಗೆರಿ ಎಳದು ಟೇಬಲ್ ಹಾಕಿದ್ಳು. ಎಡಕ ಕನ್ನಡ, ಬಲಕ ಮರಾಠಿ, ಜೋಡೆತ್ತಿನ ಹಂಗ. ಮ್ಯಾಲಿಲ್ಲ, ಕೆಳಗಿಲ್ಲ.

ಬೀಗರು ಫೋನ್ ಹಚ್ಚಿ, "ಪಾವ್ಣ್ಯಾರ, ಎಡಕ್ಕಿದ್ದದ್ದು ದೊಡ್ಡದೋ, ಬಲಕ್ಕಿದ್ದದ್ದೋ?" ಅಂದ್ರು.

"ಊಟಾ ಯಾವ ಕೈಲೇ ಮಾಡ್ತೀರಿ?"

"ಬಲಗೈಲೇ."

"ಮತ್ತ? ನೀವ ದೊಡ್ಡವರು!"

ಬಂಗಾರದ ವಾಚ್ ಯಾವ ಕೈಗೆ ಕಟ್ಟತಾರ ಅಂತ ನಾ ಕೇಳಾಕ ಹೋಗಲಿಲ್ಲ.

ಕೊಯ್ಲು

ಮಿರಜದ ಪ್ರೆಸ್ಸಿನಾಂವ ತಕರಾರ ತಗದ. "ಟೇಬಲ್ ನಮ್ಮ ಮಷಿನಿಗೆ ಕೂಡಂಗಿಲ್ಲ. ಸಂಜಿಯೊಳಗ ಕಿತ್ತು ಕಳಸ್ರಿ, ಇಲ್ಲಂದ್ರ ಲಗ್ನ ಆದ ಮ್ಯಾಲ ಪತ್ರಿಕಾ ಹಂಚ್ರಿ."

ಸೊಸಿ ದ್ರಾಕ್ಷಿ ಬಾಗಾಕ್ಕ ಹೋಗಿದ್ಳು. ನಾನ ಕುಂತೆ. ಟೇಬಲ್ ಪೂರಾ ಹಿಡದು ಅಳಸೂ ಬಟನ್ ಗುದ್ದಿದೆ. ಅಕ್ಷರ ಎಲ್ಲಾ ಮಾಯ! ಟೇಬಲ್ ಮಾತ್ರ ಗಟ್ಟಿಯಾಗಿ ನಿಂತಿತ್ತು.

ಸೊಸಿ ಬಂದು ಚೀರಿದ್ಳು: "ಮಾವಾರ, ಅಕ್ಷರ ಎಲ್ಲಿ ಹೋದುವ್ರಿ?"

"ಯಾಕ ಗಾಬ್ರಿ ಆಗ್ತೀಯವಾ? ದ್ರಾಕ್ಷಿ ಕೊಯ್ದ ಮ್ಯಾಲ ಚಪ್ಪರ ನಿಂತಿರೂದ!"

ಮಿರಜದ ಕೈ

ಸೊಸಿ ಅದೇನೋ ಒತ್ತಿ ಅಕ್ಷರ ತಿರುಗಿ ತಂದ್ಳು. ಟೇಬಲ್ ತಗದು ಕನ್ನಡ ಮ್ಯಾಲಿಟ್ಟ್ಳು. ನೋಡ್ತ ನೋಡ್ತ ಮರಾಠಿ ತಾನ ಹಾರಿ ಮ್ಯಾಲ ಕುಂತಿತು! ಆನ್‌ಲೈನ್ ಕಾಗದ ನೋಡ್ರಿ, ಮಿರಜದಾಗೂ ಅದನ್ನ ತಗದು ಕುಂತಿದ್ರು. ಇಕಿ ಇಳಸೂದು, ಅವರು ಏರಸೂದು. ಕಡೀಕ ಸೊಸಿ ಕಣ್ಣಾಗ ನೀರ ಬಂತು. ಮೊದಲಿನ ಟೇಬಲ್ಲ ತಿರುಗಿ ತಂದಿಟ್ಟು, "ನಂದು ಮುಗೀತ್ರಿ, ನೀವ ನೋಡ್ಕೋರಿ" ಅಂತ ಎದ್ದು ಹೋದ್ಳು.

ನಾ ಬೀಗರಿಗೆ ಫೋನ್ ಹಚ್ಚಿ ಝಾಡಿಸಿದೆ: "ಕುಸ್ತಿ ಹಿಡಿಯೂದಿದ್ರ ಎದುರಿಗೆ ಬರ್ರಿ! ಕಾಗದದಾಗ ಯಾಕ ಅಡಗೀರಿ?"

ಬೀಗರು ಸಣ್ಣ ದನಿಲೇ ಅಂದ್ರು: "ನಾ ಅಲ್ರಿ ಪಾವ್ಣ್ಯಾರ, ನಮ್ಮ ಮುದುಕಿ!"

ನನ್ನ ಕೈಚಳಕ

ಹೊತ್ತು ಮುಳಗಾಕ ಬಂದಿತ್ತು. ಟೇಬಲ್ಲಿನ್ಯಾಗಿನ ಅಕ್ಷರ ಅಷ್ಟ ಒಂದೊಂದ ಸಾಲ ಎತ್ತಿ ಕೆಳಗ ಸುರುವಿದೆ. ಖಾಲಿ ಟೇಬಲ್ ಬೇರ ಸಹಿತ ಕಿತ್ತೆ. ನಾ ಎಳದ ರಭಸಕ್ಕ ಆ ಕಡೆ ಉಗಾರ ಊರ ತನಕ ಲೈಟ್ ಮಿಣುಕಿದುವಂತ. ಹಂಗ ಪ್ರೆಸ್ಸಿಗೆ ಕಳಿಸಿಬಿಟ್ಟೆ.

ಅಚ್ಚಾದ ಗಂಟು ತಗೊಂಡು ಬೀಗರು, ಬೀಗತಿ ನಮ್ಮ ಮನಿಗೇ ಬಂದ್ರು. ಸೊಸಿ ಒಂದು ಪತ್ರಿಕಾ ಬಿಚ್ಚಿ ನೋಡಿ ಬೆವತು ಹೋದ್ಳು. "ಮಾವಾರ, ಒಂದ ಸಾಲು ಕನ್ನಡ, ಒಂದ ಸಾಲು ಮರಾಠಿ! ಎಲ್ಲಾ ಕಲಸೀರಿ! ಈ ಲಗ್ನ ಮುರೀತ್ರಿ" ಅಂತ ನನ್ನ ಕಿವ್ಯಾಗ ಅಂದ್ಳು.

ಬೀಗತಿ ಕುಂತಲ್ಲಿಂದ, "ಓದವಾ, ಕೇಳೂಣು" ಅಂದ್ಳು.

ಸೊಸಿ ಓದಿದ್ಳು: "ನಮ್ಮ ಮೊಮ್ಮಗಳ ಲಗ್ನ ಐತ್ರಿ, ಆಮಚ್ಯಾ ನಾತವಾಚೇ ಲಗ್ನ ಆಹೇ, ಮನಿಮಂದಿಯೆಲ್ಲಾ ಬರ್ರಿ, ಸಹಕುಟುಂಬ ಯಾವೇ..."

ನನ್ನ ಹೆಂಡತಿ ಮಾರಿ ಅರಳಿಸಿ ಅಂದ್ಳು: "ಅಯ್ಯ, ಎಲ್ಲಾ ಕನ್ನಡದಾಗ ಬರದೀರಲ್ಲ! ಪಾಪ, ಬೀಗತಿ ಏನ ತಿಳಕೊಂಡಾಳು?"

ಬೀಗತಿ ನಕ್ಕಳು: "ಕನ್ನಡ ಎಲ್ಲೈತ್ರಿ ಅದರಾಗ? ಎಲ್ಲಾ ನಮ್ಮ ಮರಾಠಿನ ಐತಿ!"

ತಾನ ಗೆದ್ದೆ ಅಂತ ಇಬ್ಬರೂ ಮುದುಕೇರು ಒಬ್ಬರ ಬಾಯಾಗ ಒಬ್ಬರು ಸಕ್ಕರಿ ಹಾಕಿದ್ರು. ಈಗ ನಮ್ಮ ಕಡೆ ಲಗ್ನ ಹಿಡದವರೆಲ್ಲಾ "ಕಾಗವಾಡದ ಮುದುಕನ ಹಂಗ ಮಾಡಿ ಕೊಡ್ರಿ" ಅಂತ ಪ್ರೆಸ್ಸಿನಾಂವನ ಜೀವಾ ತಿಂತಾರಂತ. ಮೊನ್ನೆ ಪಾಪ ಅಂವ ತಾನ ಫೋನ್ ಮಾಡಿದ್ದ: "ಯಜಮಾನ್ರ, ಆ ಟೇಬಲ್ ಹೆಂಗ ಕಿತ್ತ್ರಿ? ನಮಗೂ ಒಂದೀಟು ಹೇಳ್ರಲಾ."

"ಬಿಡಪಾ" ಅಂದೆ. "ಅಕ್ಷರ ಓದಾಕ ಬಂತಂದ್ರ ಆ ಕೆಲಸ ಕೆಡತೈತಿ."