ಉಕ್ಕದ ಹಾಲು

ಉಪಯೋಗಕ್ಕೆ ಬರುವ ವಸ್ತು ಕಂಡುಹಿಡಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಉಪಯೋಗವಿಲ್ಲದ್ದನ್ನು ಮಾಡಿದವರು ಸುಖವಾಗಿದ್ದಾರೆ.

ನಾನು ಮಾಡಿದ್ದು ಕಲಾಯಿ ಹಾಕಿದ ಹಿತ್ತಾಳೆಯ ಬಿಲ್ಲೆ. ಅಂಗೈಯಗಲ, ಅಂಚು ಬಾಗಿದ್ದು, ಒಂದು ಕಡೆ ಸೀಳು. ಹಾಲಿನ ಪಾತ್ರೆಯ ತಳಕ್ಕೆ ಹಾಕಿದರೆ ಕಟಕಟ ಅನ್ನುತ್ತದೆ, ಹಾಲು ಉಕ್ಕುವುದಿಲ್ಲ. ಕಾರ್ಖಾನೆಯ ಫಿಟ್ಟರ್ ಕೆಲಸ ಬಿಟ್ಟು ಅರವತ್ತು ಬಿಲ್ಲೆ ಮಾಡಿದೆ. ಜಯನಗರ ಆಗ ಹೊಸ ಬಡಾವಣೆ. ಹೊಸ ಮನೆ, ಹೊಸ ಒಲೆ. ಮಾರಾಟ ಸುಲಭ ಎಂದುಕೊಂಡೆ.

ಮಾವನವರು ಒಂದೇ ಮಾತು ಹೇಳಿದರು. "ಯುಗಾದಿಯೊಳಗೆ ಅರವತ್ತೂ ಖಾಲಿಯಾಗ್ಲಿ. ಇಲ್ದಿದ್ರೆ ನಮ್ಮ ಬೆಲ್ಲದ ಮಂಡಿಗೆ ಬಂದು ಕೂತ್ಕೊಳಿ."

ಮಂಡಿಯಲ್ಲಿ ದಿನವಿಡೀ ಗಿರಾಕಿಗಳ ಹತ್ತಿರ ಮಾತಾಡಬೇಕು. ಉಳಿದ ಹೊತ್ತು ನೊಣ ಓಡಿಸಬೇಕು. ನಾನು ಚೀಲ ಹೆಗಲಿಗೇರಿಸಿದೆ.

ಮೊದಲನೇ ಮನೆ

ಸೊಸೆ ಬಾಗಿಲು ತೆರೆದರು. ಬಿಲ್ಲೆ ತೋರಿಸಿದೆ.

"ಇದು ಹಾಕಿದ್ರೆ ಒಲೆ ಮುಂದೆ ಕಾಯೋದು ಬೇಡ್ವಾ?"

"ಬೇಡ."

ಅವರ ಮುಖ ಅರಳಿತು. ಒಳಗಿಂದ ಅತ್ತೆಯ ದನಿ ಬಂತು. "ಬೇಡ ಅನ್ನೇ. ಈ ಮನೇಲಿ ನನಗೆ ಉಳಿದಿರೋದು ಅದೊಂದೇ ಕೆಲಸ."

ವಾಪಸ್ಸು

ಕೊಂಡವರೊಬ್ಬರು ಮೂರನೇ ದಿನ ಬಿಲ್ಲೆ ಹಿಡಿದುಕೊಂಡು ಮನೆಗೇ ಬಂದರು.

"ಸದ್ದು ಮಾಡುತ್ತೆ, ಸಾರ್."

"ಮಾಡ್ಬೇಕು. ಹಾಲು ಕಾದಿದೆ ಅಂತ ಗೊತ್ತಾಗೋಕೆ."

"ನಮಗೆ ಗೊತ್ತಾದ್ರೆ ತೊಂದರೆ ಇಲ್ಲ. ಪಕ್ಕದ ಮನೆಯವರಿಗೂ ಗೊತ್ತಾಗುತ್ತೆ. ಕಟಕಟ ಅಂದ ತಕ್ಷಣ ಪೇಪರ್ ಕೇಳೋ ನೆಪದಲ್ಲಿ ಬಂದು ಕೂತ್ಕೊತಾರೆ. ಕಾಫಿ ಕುಡಿದು ಹೋಗ್ತಾರೆ. ಪೇಪರ್ ಬಿಟ್ಟು ಹೋಗ್ತಾರೆ."

ಹಾಲಿನವನು

ಚಿಕ್ಕಲಸಂದ್ರದಿಂದ ಸೈಕಲ್ಲಿನಲ್ಲಿ ನಮ್ಮ ಮನೆಗೂ ಹಾಲು ತರುವವನು ನನ್ನನ್ನು ರಸ್ತೆಯಲ್ಲೇ ತಡೆದ.

"ಸಾಮಿ, ಹಾಲು ಉಕ್ಕಿ ಚೆಲ್ಲಿದ್ರೆ ತಾನೇ ಅವರು ಇನ್ನೊಂದು ಪಾವು ತಗೊಳೋದು? ಬಡವನ ಹೊಟ್ಟೆ ಮೇಲೆ ಯಾಕೆ ಹೊಡೀತೀರಾ?"

"ನನಗೂ ಹೊಟ್ಟೆ ಇದೆ," ಅಂದೆ.

"ಆಯ್ತು, ನೋಡ್ಕೋತೀನಿ," ಅಂದು ಪೆಡಲ್ ತುಳಿದ.

ಮಾರನೇ ದಿನದಿಂದ ನಮ್ಮ ಮನೆಯ ಹಾಲು ಬಿಲ್ಲೆ ಹಾಕದಿದ್ದರೂ ಉಕ್ಕಲಿಲ್ಲ.

ಗೃಹಪ್ರವೇಶ

ಯುಗಾದಿಗೆ ಒಂದು ವಾರ ಇತ್ತು. ಚೀಲದಲ್ಲಿ ಐವತ್ತೊಂದು ಬಿಲ್ಲೆ ಉಳಿದಿದ್ದವು. ಜಯನಗರದಲ್ಲೇ ಮಾವನವರ ಹೊಸ ಮನೆಯ ಗೃಹಪ್ರವೇಶ. ನನಗೆ ಮಂಡಿಯಲ್ಲಿ ಕೂರುವ ಜಾಗವನ್ನೂ ಅವರು ಗೊತ್ತು ಮಾಡಿದ್ದರು.

ಹೊಸ ಒಲೆ ಹೊತ್ತಿತು. ಹಾಲಿಟ್ಟರು. ಹಾಲು ಪೂರ್ವಕ್ಕೆ ಉಕ್ಕಿದರೆ ಮನೆಗೆ ಶುಭ. ಅಡಿಗೆಮನೆ ತುಂಬ ಹೆಂಗಸರು ಬಗ್ಗಿ ನೋಡುತ್ತಿದ್ದರು.

ಹಾಲು ಏರಿತು. ಇಳಿಯಿತು. ಮತ್ತೆ ಏರಿತು. ಇಳಿಯಿತು.

"ಸೌದೆ ಹಾಕಿ," ಅಂದರು ಪುರೋಹಿತರು. ಹಾಕಿದರು. ಏರಿತು, ಇಳಿಯಿತು.

"ರಾಹುಕಾಲಕ್ಕೆ ಹತ್ತು ನಿಮಿಷ ಇದೆ," ಅಂದರು. ಮಾವನವರ ಹಣೆ ಬೆವೆತಿತು. ಯಾರೋ ಮನೆಯ ಆಯ ತಪ್ಪಿದೆ ಅಂದರು. ಪುರೋಹಿತರ ಮಂತ್ರ ನಿಂತಿತು. ಆಗ ಕೇಳಿಸಿತು, ಕಟಕಟ.

ನಾನು ಸೌಟು ಹಾಕಿ ಬಿಲ್ಲೆ ತೆಗೆದೆ. ಹಾಲು ಉಕ್ಕಿತು. ಪೂರ್ವಕ್ಕೆ ಮಾತ್ರವಲ್ಲ, ಎಂಟು ದಿಕ್ಕಿಗೂ. ಒಲೆ ಆರಿತು.

ಮಾವನವರು ನನ್ನನ್ನು ನೋಡಿದರು.

"ಅವರನ್ನ ಯಾಕೆ ನೋಡ್ತೀರಿ? ಅವರ ಚೀಲದಿಂದ ತೆಗೆದು ನಾನೇ ಹಾಕಿದ್ದು," ಅಂದರು ನನ್ನ ಅತ್ತೆ. "ಹೊಸ ಒಲೆ ಗಲೀಜಾಗ್ಬಾರದು ಅಂತ."

ಅಷ್ಟು ಸೌದೆಗೂ ಉಕ್ಕದ ಹಾಲನ್ನು ಹೆಂಗಸರೆಲ್ಲ ಕಣ್ಣಾರೆ ಕಂಡಿದ್ದರು. ಊಟದ ಪಂಕ್ತಿ ಏಳುವಷ್ಟರಲ್ಲಿ ಚೀಲ ಖಾಲಿ. ತನ್ನ ಅತ್ತೆಯ ಮಾತಿಗೆ ಬೇಡ ಅಂದಿದ್ದ ಆ ಮೊದಲನೇ ಮನೆಯ ಸೊಸೆ ಎರಡು ಕೊಂಡರು.

"ಮಂಡಿಗೆ ಬರೋದು ಬೇಡ," ಅಂದರು ಮಾವನವರು. ಅದಕ್ಕಿಂತ ಒಳ್ಳೆಯ ಆಶೀರ್ವಾದ ನನಗೆ ಯಾರೂ ಮಾಡಿಲ್ಲ.

ಪುರೋಹಿತರು ಮಾತ್ರ ಮರೆಯಲಿಲ್ಲ. ಆಮೇಲೆ ನಾನು ಯಾರ ಗೃಹಪ್ರವೇಶಕ್ಕೆ ಹೋದರೂ, ಹಾಲು ಒಲೆಗಿಡುವ ಮೊದಲು ಮಂತ್ರ ನಿಲ್ಲಿಸಿ ನನ್ನನ್ನು ಹತ್ತಿರ ಕರೆಯುತ್ತಿದ್ದರು.

"ಎಲ್ಲಿ, ಜೇಬು ತೋರಿಸಿ."