ನೀರೊಳಗಿನ ವಾರ್ಡು

ನಮ್ಮ ದೊಡ್ಡಮ್ಮ ನರ್ಸ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಯಿತೆಂದು ಊರೆಲ್ಲ ನಂಬಿದೆ. ನಾನು ನಂಬುವುದಿಲ್ಲ. ಹಲಸೂರಿನ ಅವರ ಎರಡು ಕೋಣೆಯ ಮನೆಗೆ ಬಂದು ನೋಡಿ, ವಾರ್ಡು ಇನ್ನೂ ನಡೆಯುತ್ತಲೇ ಇದೆ. ರೋಗಿಗಳು ಮಾತ್ರ ಈಗ ಎರಡಡಿ ಉದ್ದದ ಗಾಜಿನ ತೊಟ್ಟಿಯೊಳಗಿದ್ದಾರೆ!

ತೊಟ್ಟಿ ಬಂದದ್ದು ದೊಡ್ಡಪ್ಪನಿಗಾಗಿ. ಪಾರ್ಶ್ವವಾಯು ಹೊಡೆದ ಮೇಲೆ ಅವರ ಬಲಗೈ ನಿಂತಿತು, ಮಾತೂ ನಿಂತಿತು. ದಿನವಿಡೀ ಗೋಡೆ ನೋಡಿಕೊಂಡು ಕೂರುತ್ತಿದ್ದರು. ಗೋಡೆಗಿಂತ ಮೀನು ವಾಸಿ ಎಂದು ದೊಡ್ಡಮ್ಮ ತೊಟ್ಟಿ ತರಿಸಿದರು. ದೊಡ್ಡಪ್ಪ ಮೀನುಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ, ಆದರೆ ನೀರಿನಲ್ಲಿ ಓಲಾಡುವ ಹಸಿರು ಗಿಡಗಳನ್ನು ಗಂಟೆಗಟ್ಟಲೆ ನೋಡತೊಡಗಿದರು. ಎರಡೇ ವಾರ. ಎಲೆಗಳು ಹಳದಿಯಾಗಿ ಕೊಳೆಯತೊಡಗಿದವು, ದೊಡ್ಡಪ್ಪ ಮತ್ತೆ ಗೋಡೆಯ ಕಡೆ ತಿರುಗಿದರು. ಅಂದಿನಿಂದ ದೊಡ್ಡಮ್ಮನಿಗೆ ಒಂದೇ ಹಟ. ಗಿಡ ಉಳಿಯಬೇಕು, ಅವರು ಇತ್ತ ತಿರುಗಬೇಕು.

ತೊಟ್ಟಿಗೆ ಕೇಸ್ ಶೀಟು ತೂಗುಬಿತ್ತು. ಬೆಳಿಗ್ಗೆ ನೀರಿನ ಟೆಂಪರೇಚರ್, ಮಧ್ಯಾಹ್ನ ಎಲೆಯ ಬಣ್ಣ, ಸಂಜೆ ಷರಾ. ನಾನು ಭಾನುವಾರಗಳಂದು ಕಗ್ಗದಾಸಪುರದಿಂದ ಹೋಗಿ ಗಾಜಿನ ಮೇಲೆ ಬೆರಳಿಟ್ಟರೆ ಸಾಕು, ಅಡುಗೆಮನೆಯಿಂದಲೇ ವಿಚಾರಣೆ.

"ಕೈ ತೊಳ್ಕೊಂಡ್ಯಾ?"

"ದೊಡ್ಡಮ್ಮ, ಹೊರಗಡೆ ಗಾಜು ಮುಟ್ಟಿದೆ ಅಷ್ಟೇ."

"ಎಲ್ರೂ ಹಾಗೇ ಹೇಳೋದು. ಇನ್ಫೆಕ್ಷನ್ ಬರೋದೇ ವಿಸಿಟರ್ಸಿಂದ."

ಒಂದು ದಿನ ಕೊಳೆತ ಗಿಡವೊಂದನ್ನು, ಮೂತ್ರ ಪರೀಕ್ಷೆಗೆ ಕೊಡುತ್ತಾರಲ್ಲ, ಆ ಡಬ್ಬಿಯಲ್ಲಿ ಹಾಕಿಕೊಂಡು ಶಿವಾಜಿನಗರದ ಮೀನಿನಂಗಡಿಗೆ ಹೊರಟರು. ಜೊತೆಗೆ ನಾನು. ಅಂಗಡಿಯ ಭಾಯಿ ಡಬ್ಬಿ ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು.

"ಅಮ್ಮಾ, ಲ್ಯಾಬು ಪಕ್ಕದ ರೋಡಲ್ಲಿದೆ."

ಒಳಗಿರುವುದು ಗಿಡವೆಂದು ನಾನು ಪ್ರಮಾಣ ಮಾಡಬೇಕಾಯಿತು. ಭಾಯಿ ಅದನ್ನು ತೆಗೆದು ತಿರುಗಿಸಿ ನೋಡಿ, "ಈ ದಪ್ಪ ಗೆಡ್ಡೆ ಇದೆಯಲ್ಲ, ಇದಕ್ಕೆ ಮರಳಲ್ಲಿ ಹೂತಿದ್ದೀರಿ. ಅದಕ್ಕೇ ಕೊಳೆತಿದೆ. ಗೆಡ್ಡೆ ಮೇಲೇ ಇರ್ಬೇಕು. ಕಲ್ಲಿಗೆ ದಾರದಲ್ಲಿ ಕಟ್ಟಿ ಬಿಡಿ, ಬೇರು ತಾನೇ ಹಿಡ್ಕೊಳ್ಳುತ್ತೆ" ಎಂದರು.

"ಅಂದ್ರೆ ಬ್ಯಾಂಡೇಜ್ ಕಟ್ಟೋ ಕೆಲಸ."

"ಏನೋ ಒಂದು ಕಟ್ಟಿ ಅಮ್ಮ."

ಕತ್ತರಿಯನ್ನು ಕುದಿಯುವ ನೀರಿಗೆ ಹಾಕಿ, ಕೊಳೆತ ಭಾಗ ಕತ್ತರಿಸಿ, ಕಲ್ಲಿಗೆ ಕಟ್ಟಿದ್ದಾಯಿತು. ಆಪರೇಷನ್ ಯಶಸ್ವಿ. ಆದರೆ ಹೊರಡುವಾಗ ಭಾಯಿ ಗೊಬ್ಬರದ ದ್ರವದ ಬಾಟಲಿಯೊಂದನ್ನು ಕೊಟ್ಟು, ದಿನಕ್ಕೆ ನಾಲ್ಕು ಹನಿ ಹಾಕಿ ಎಂದಿದ್ದರು. ದೊಡ್ಡಮ್ಮನಿಗೆ ಹನಿ ಎಂದರೆ ಡ್ರಿಪ್ಪೇ! ಕರ್ಟನ್ ಕಂಬಿಗೆ ಬಾಟಲಿ ನೇತುಹಾಕಿ, ಟ್ಯೂಬನ್ನು ತೊಟ್ಟಿಗಿಳಿಸಿ, ಸಾರಿಗೆ ಒಗ್ಗರಣೆ ಹಾಕಲು ಹೋದರು. ಬಂದು ನೋಡಿದರೆ ಬಾಟಲಿ ಖಾಲಿ. ಗಿಡಗಳು ಮೂರು ತಿಂಗಳ ಊಟವನ್ನು ಒಂದೇ ಪಂಕ್ತಿಯಲ್ಲಿ ಮುಗಿಸಿದ್ದವು. ಬಕೆಟ್‌ಗಟ್ಟಲೆ ನೀರು ಬದಲಾಯಿಸಿದ ಅಟೆಂಡರು ಯಾರು ಎಂದು ನೀವು ಕೇಳಬೇಕಾಗಿಲ್ಲ.

ಅಷ್ಟಾದರೂ ಮರುವಾರಕ್ಕೆ ಗಾಜಿನ ತುಂಬ ಪಾಚಿ. ಭಾಯಿಗೆ ಫೋನ್ ಮಾಡಿದೆವು.

"ಲೈಟು ಎಷ್ಟು ಹೊತ್ತು ಹಾಕ್ತೀರಿ ಅಮ್ಮ?"

"ಆರಿಸೋದೇ ಇಲ್ಲ. ಸೀರಿಯಸ್ ಪೇಷಂಟ್ ಇರೋ ಕಡೆ ಯಾರಾದ್ರೂ ಲೈಟ್ ಆರಿಸ್ತಾರೇನ್ರಿ?"

"ಅಮ್ಮಾ, ನೀವು ಪಾಚಿಗೆ ಮದುವೆ ಊಟ ಹಾಕ್ತಿದ್ದೀರಿ. ಎಂಟು ಗಂಟೆ ಸಾಕು. ಆಮೇಲೆ ಕತ್ತಲೆ ಬಿಡಿ."

ದೊಡ್ಡಮ್ಮ ಪಾಚಿ ಉಜ್ಜಿದರು, ಆದರೆ ಲೈಟು ಆರಿಸಲಿಲ್ಲ. ಆ ಬೆಳಕಿನಲ್ಲಿ ರಾತ್ರಿಯಿಡೀ ಕುರ್ಚಿ ಹಾಕಿಕೊಂಡು ಅವರು ಕಾಯುತ್ತಿದ್ದದ್ದು ಗಿಡಗಳನ್ನಷ್ಟೇ ಅಲ್ಲ, ದೊಡ್ಡಪ್ಪನ ಉಸಿರನ್ನೂ. ತಿಂಗಳುಗಳಿಂದ ಅವರು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಇದು ನನ್ನ ತಲೆಗೆ ಹೊಳೆದದ್ದು ಹೋದ ಭಾನುವಾರ.

ಅಂದು ರಾತ್ರಿ ಕಲ್ಲಿಗೆ ಕಟ್ಟಿದ ಗಿಡದಲ್ಲಿ ಸುರುಳಿ ಸುತ್ತಿದ ಹೊಸ ಎಲೆಯೊಂದು ಕಾಣಿಸಿತು. ದೊಡ್ಡಮ್ಮ ಟಾರ್ಚು ಹಾಕಿ ತೋರಿಸುತ್ತಿದ್ದರು. ದೊಡ್ಡಪ್ಪ ಗೋಡೆ ಬಿಟ್ಟು ಇತ್ತಲೇ ನೋಡುತ್ತಿದ್ದರು. ನಾನು ಸ್ವಿಚ್ಚಿನ ಕಡೆ ಕೈ ಚಾಚಿದೆ.

"ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ ಬಿಡೋ" ಎಂದರು ದೊಡ್ಡಮ್ಮ.

"ಆರ್ಸು."

ನನ್ನ ದನಿಯಲ್ಲ. ಇಬ್ಬರೂ ತಿರುಗಿದೆವು. ದೊಡ್ಡಪ್ಪನ ಎಡಗೈ ಲೈಟಿನ ಕಡೆ ಎದ್ದಿತ್ತು. ಮಾತು ಎಲ್ಲೋ ಸಿಕ್ಕಿಕೊಂಡಂತೆ ಬಾಯಿ ಎರಡು ಸಲ ತೆರೆದು ಮುಚ್ಚಿತು.

"ನೀನೂ... ಮಲ್ಕೊಳ್ಳೇ."

ಅಷ್ಟು ತಿಂಗಳ ಮೇಲೆ ಹೊರಟ ಮೊದಲ ಮಾತಿನಲ್ಲಿ ಆ ಮನುಷ್ಯ ತನಗಾಗಿ ಏನೂ ಕೇಳಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ದೊಡ್ಡ ದೊಡ್ಡ ಡಾಕ್ಟರುಗಳಿಗೂ ಎದುರುತ್ತರ ಕೊಟ್ಟ ದೊಡ್ಡಮ್ಮ "ಹೂಂ" ಎಂದಷ್ಟೇ ಹೇಳಿ ಲೈಟು ಆರಿಸಿದರು. ಮಂಚದ ಮೇಲೆ ಕಾಲು ಚಾಚಿದವರು ಐದೇ ನಿಮಿಷಕ್ಕೆ ಗೊರಕೆ ಹೊಡೆಯುತ್ತಿದ್ದರು. ದೊಡ್ಡಪ್ಪ ಬಹಳ ಹೊತ್ತು ಅದನ್ನೇ ಕೇಳುತ್ತ ಕೂತಿದ್ದರು. ಅವರನ್ನು ಮಲಗಿಸುವ ಡ್ಯೂಟಿ ಅಂದು ನನ್ನದಾಯಿತು.