ಆರು ಪ್ರಿನ್ಸಿಪಾಲರು, ಒಂದೇ ಶಾಲು

ಬೇರೆ ಊರಿನ ಸ್ಕೂಲುಗಳಲ್ಲಿ ಮಕ್ಕಳು ವರ್ಷಕ್ಕೊಂದು ಕ್ಲಾಸ್ ದಾಟಿ ಮುಂದೆ ಹೋಗ್ತಾರೆ, ಪ್ರಿನ್ಸಿಪಾಲರು ಇದ್ದಲ್ಲೇ ಇರ್ತಾರೆ. ನಮ್ಮ ಪಿರಿಯಾಪಟ್ಟಣದ ಇಂಗ್ಲಿಷ್ ಮೀಡಿಯಂ ಸ್ಕೂಲಲ್ಲಿ ಮಾತ್ರ ಮಕ್ಕಳಿಗಿಂತ ಬೇಗ ಪ್ರಿನ್ಸಿಪಾಲರೇ ಪಾಸಾಗಿ ಹೋಗ್ತಿದ್ರು. ನನ್ನ ಮಗಳು ಐದನೇ ಕ್ಲಾಸಿಂದ ಹತ್ತಕ್ಕೆ ಬರೋ ಹೊತ್ತಿಗೆ ಆರು ಜನ ಬಂದು ಹೋಗಿದ್ರು. ಒಬ್ಬರಿಗೆ ಮೈಸೂರಲ್ಲಿ ಕೆಲಸ ಸಿಕ್ತು, ಒಬ್ಬರಿಗೆ ನಮ್ಮೂರ ಸೊಳ್ಳೆ ಆಗಲಿಲ್ಲ, ಒಬ್ಬರಿಗೆ ನಮ್ಮ ಸ್ಕೂಲ್ ಕಮಿಟಿ ಸೆಕ್ರೆಟರಿ ಆಗಲಿಲ್ಲ.

ನಾನು ಬಸ್ ಸ್ಟ್ಯಾಂಡ್ ಹತ್ರ ಟೈಲರ್ ಅಂಗಡಿ ಇಟ್ಟವಳು. ಸ್ಕೂಲಿನ ಯೂನಿಫಾರಂ ಹೊಲಿಯೋದೂ ನಾನೇ. ಇನ್ನೂ ಎಸ್‌ಟಿಡಿ ಬೂತಲ್ಲಿ ಕ್ಯೂ ನಿಲ್ಲೋ ಕಾಲ ಅದು. ಮೊಬೈಲು ಗಿಬೈಲು ಏನೂ ಇರಲಿಲ್ಲ. ಹಾಗಾಗಿ ಸ್ಕೂಲಿನ ಸುದ್ದಿಯೆಲ್ಲ ಮೊದಲು ನನ್ನ ಮಿಷನ್ ಮುಂದಿನ ಸ್ಟೂಲಿಗೆ ಬಂದು ಕೂತು, ಆಮೇಲೆ ಊರೊಳಕ್ಕೆ ಹೋಗೋದು.

ಟೈ ಕಟ್ಟಿದ ಕರ

ಮೊದಲನೇ ಪ್ರಿನ್ಸಿಪಾಲರು ಊಟಿ ಕಡೆ ಯಾವುದೋ ದೊಡ್ಡ ಸ್ಕೂಲಲ್ಲಿ ಇದ್ದವರು. ಬಂದ ವಾರಕ್ಕೇ ಆರ್ಡರ್ ಹಾಕಿದ್ರು, ಎಲ್‌ಕೆಜಿಯಿಂದ ಹಿಡಿದು ಎಲ್ಲರಿಗೂ ಟೈ. ನನ್ನ ಜನ್ಮದಲ್ಲಿ ನಾನು ಟೈ ಹೊಲಿದವಳಲ್ಲ. ಮೈಸೂರಿಂದ ಒಂದು ಟೈ ತರಿಸಿ, ಹೊಲಿಗೆ ಬಿಚ್ಚಿ ನೋಡಿ, ಎಲಾಸ್ಟಿಕ್ ಹಾಕಿ ಹೊಲಿಯೋದು ಕಲಿತೆ. ಕಣ್ಣಲ್ಲಿ ನೀರು ಬರೋವರೆಗೂ ಹೊಲಿದೆ. ಕೊನೇ ಮಗುವಿನ ಕೊರಳಿಗೆ ಟೈ ಬಿದ್ದ ವಾರವೇ ಸಾಹೇಬರು ಊರು ಬಿಟ್ಟರು.

ಎರಡನೆಯವರು ಬಂದು ಮಕ್ಕಳನ್ನ ನೋಡಿ, "ಈ ಬಿಸಿಲಲ್ಲಿ ಟೈ ಯಾಕ್ರೀ? ತೆಗೀರಿ. ಬೆಲ್ಟ್ ಹಾಕಿಸಿ" ಅಂದ್ರು.

ರಾವಂದೂರು ಕಡೆ ಹೊಗೆಸೊಪ್ಪು ಬೆಳೆಯೋ ಗೌಡ್ರೊಬ್ಬರಿದ್ದರು. ಅವರ ಮಗ ನನ್ನ ಮಗಳ ಕ್ಲಾಸೇ. ಪ್ಯಾಂಟ್ ಉದ್ದ ಮಾಡಿಸೋಕೆ ಅಂತ ಬಂದಾಗ ಕೇಳಿದೆ, "ಗೌಡ್ರೇ, ಆ ಟೈನೆಲ್ಲ ಏನು ಮಾಡಿದ್ರಿ?"

"ಬಿಸಾಕೋಕೆ ಮನಸು ಬರ್ನಿಲ್ಲ ಕಣಕ್ಕ. ನೀನು ಕಷ್ಟಪಟ್ಟು ಒಲ್ದಿದ್ದೆ. ಮನೇಲಿ ಹಸೀನ ಎಳೇ ಕರ ಇತ್ತು, ಅದರ ಕೊರಳ್ಗಾಕಿ ಗೆಜ್ಜೆ ಕಟ್ದೆ."

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಗೌಡ್ರು ಸಮಾಧಾನ ಮಾಡೋ ಥರ ಹೇಳಿದ್ರು, "ನನ್ ಮಗನ್ಗಿಂತ ವಾಸಿ ಬುಡಕ್ಕ. ಟೈ ಆಕಿದ್ ಮ್ಯಾಲೆ ಒಂದಿನಾನೂ ಕೊಟ್ಟಿಗೆಗೆ ಲೇಟಾಗಿ ಬಂದಿಲ್ಲ."

ಸೀನಿಯರ್ ಮೋಸ್ಟ್ ಗೌಡ್ರು

ನಾಲ್ಕನೆಯವರದ್ದು ಇನ್ನೊಂದು ಕಾನೂನು. ಕಾಂಪೌಂಡ್ ಒಳಗೆ ಮಕ್ಕಳಷ್ಟೇ ಅಲ್ಲ, ಅಪ್ಪ ಅಮ್ಮನೂ ಇಂಗ್ಲಿಷಲ್ಲೇ ಮಾತಾಡಬೇಕು. ನಾನು ಗೇಟಿನ ಹೊರಗೆ ನಿಂತು, ಮಗಳನ್ನ ಒಳಗೆ ನಿಲ್ಲಿಸಿಕೊಂಡು, ಊಟದ ಡಬ್ಬಿ ಕೊಟ್ಟು ಕನ್ನಡದಲ್ಲೇ ಬೈದು ಬರ್ತಿದ್ದೆ. ಗೌಡ್ರಿಗೆ ಆ ಅನುಕೂಲ ಇರಲಿಲ್ಲ. ಪೇರೆಂಟ್ಸ್ ಮೀಟಿಂಗಿಗೆ ಒಳಕ್ಕೇ ಹೋಗಬೇಕಿತ್ತು.

ಪಾಪ, ಮಗನ ಹತ್ರ "ಹೌ ಈಸ್ ಮೈ ಸನ್ ಸಾರ್" ಅಂತ ಒಂದು ಮಾತು ಹೇಳಿಸಿಕೊಂಡು ರಾವಂದೂರಿಂದ ಬಸ್ಸಲ್ಲಿ ಅದನ್ನೇ ಜಪಿಸುತ್ತಾ ಬಂದ್ರು. ಆಫೀಸ್ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿಯೂಬಿಟ್ಟರು. ಕುರ್ಚಿಯಲ್ಲಿದ್ದವರು ಗಾಬರಿಯಿಂದ ಎದ್ದು ನಿಂತರು. ನೋಡಿದರೆ ಅವರು ನಾಲ್ಕನೆಯವರಲ್ಲ, ಐದನೆಯವರು. ಹಿಂದಿನ ದಿನವಷ್ಟೇ ಬಂದಿದ್ದಾರೆ. ಅವರಿಗೆ ಗೌಡ್ರ ಮಗ ಯಾರು, ಎಲ್ಲಿ ಕೂರ್ತಾನೆ, ಏನೂ ಗೊತ್ತಿಲ್ಲ.

"ಸ್ವಲ್ಪ ಒಂಬತ್ತನೇ ಕ್ಲಾಸ್ ಎಲ್ಲಿದೆ ತೋರಿಸ್ತೀರಾ?" ಅಂದರಂತೆ. ಗೌಡ್ರು ತೋರಿಸಿದ್ರು. ಹಾಗೇ ಲ್ಯಾಬ್ ತೋರಿಸಿದ್ರು, ಬೋರ್‌ವೆಲ್ ಸ್ವಿಚ್ ಎಲ್ಲಿದೆ ಅಂತ ತೋರಿಸಿದ್ರು, ಮಳೆ ಬಂದರೆ ಯಾವ ರೂಮಿನ ಶೀಟ್ ಸೋರುತ್ತೆ ಅಂತಲೂ ಹೇಳಿದ್ರು. ಐದನೆಯವರಿಗೆ ಬಹಳ ಸಂತೋಷವಾಯ್ತು. ವಾಪಸ್ ಬಂದು ಟೀ ಕೊಡಿಸಿ, ಅದೇ ಸಂತೋಷದಲ್ಲಿ ಕೇಳಿದರಂತೆ, "ಗೌಡ್ರೇ, ತಾವು ಯಾವ ಸಬ್ಜೆಕ್ಟ್ ತಗೊಳ್ತೀರಿ?"

ಶಾಲಿನ ಸಂಚಾರ

ಶಾಲಿನ ಕತೆ ಹೇಳಲೇಬೇಕು. ಮೊದಲನೆಯವರು ಹೋಗ್ತಾರೆ ಅಂತ ಗೊತ್ತಾದಾಗ ನಾವು ಪೇರೆಂಟ್ಸೆಲ್ಲ ಸೇರಿ ಒಂದು ಮೆರೂನ್ ಶಾಲು ತರಿಸಿದ್ವಿ. ಒಳ್ಳೇ ದಪ್ಪ ಬಟ್ಟೆ, ಅಗಲವಾದ ಜರಿ ಅಂಚು. ಅವರು ಬೀಳ್ಕೊಡುಗೆಗೂ ನಿಲ್ಲದೆ ಬೆಳಗಿನ ಬಸ್ಸಿಗೇ ಹತ್ತಿ ಹೋದ್ರು. ಶಾಲು ನನ್ನ ಅಂಗಡಿ ಬೀರುವಿನಲ್ಲಿ ಉಳೀತು. ಎರಡನೆಯವರಿಗೆ ಹೊದಿಸಿದ್ವಿ. ಸೆಖೆ ಅಂತ ತೆಗೆದು ಕುರ್ಚಿ ಮೇಲೆ ಹಾಕಿದವರು ಹಾಗೇ ಹೋದ್ರು. ಮೂರನೆಯವರು ಹಣ್ಣಿನ ಬುಟ್ಟಿ ತಗೊಂಡು ಶಾಲು ಮರೆತ್ರು. ನಾಲ್ಕನೆಯವರು ಹೋದ ಮೇಲೆ ಮೇಜಿನ ಡ್ರಾಯರಲ್ಲಿ ಸಿಕ್ತು. ಪ್ರತಿ ಸಲ ನಾನೇ ಒಗೆದು, ಇಸ್ತ್ರಿ ಮಾಡಿ, ಮಡಚಿ ಇಡೋಳು.

ಐದನೆಯವರು ಮಾತ್ರ ಮರೀದೆ ತಗೊಂಡು ಹೋದ್ರು. ಸದ್ಯ, ಒಬ್ಬರಾದ್ರೂ ಮರ್ಯಾದೆ ಉಳಿಸಿದ್ರಲ್ಲ ಅಂದುಕೊಂಡೆ. ವಾರಕ್ಕೆ ಸರಿಯಾಗಿ ಹುಣಸೂರಿಂದ ಬಂದ ಬಸ್ಸಿನ ಕಂಡಕ್ಟರು ಅಂಗಡಿ ಮುಂದೆ ಒಂದು ಕವರ್ ಇಳಿಸಿ ಹೋದ. ಒಳಗೆ ಅದೇ ಶಾಲು, ಜೊತೆಗೊಂದು ಚೀಟಿ: "ನನಗೆ ಅಗತ್ಯವಿಲ್ಲ. ಮುಂದಿನವರಿಗೆ ಬೇಕಾಗಬಹುದು, ಬೇಗ." ಆರನೆಯವರಿಗೆ ಬೇಕಾಯ್ತು, ನಾಲ್ಕೇ ತಿಂಗಳಿಗೆ. ಅವರೂ ಬಿಟ್ಟೇ ಹೋದ್ರು, ಶಾಲು ಮತ್ತೆ ನನ್ನ ಬೀರುವಿಗೇ ಬಂತು.

ಏಳನೆಯವರು

ಏಳನೆಯವರು ಕೇರಳದ ಒಬ್ಬ ಮೇಡಂ. ಸಣ್ಣಗೆ, ಕುಳ್ಳಗೆ, ಕಾಟನ್ ಸೀರೆ. ಬಂದವರು ಯೂನಿಫಾರಂ ಬದಲಾಯಿಸಲಿಲ್ಲ. ಅದೇ ನನಗೆ ಮೊದಲ ಆಶ್ಚರ್ಯ.

ಆಗ ನನ್ನ ಮನೇಲಿ ಬೇರೆ ಬೆಂಕಿ ಉರೀತಿತ್ತು. ಮಗಳು ಹತ್ತನೇ ಕ್ಲಾಸು, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಹದಿನೆಂಟು. ನಮ್ಮನೆಯವರು ಮಾರ್ಕ್ಸ್ ಕಾರ್ಡ್ ನೋಡಿ, "ಫೇಲಾದ್ರೆ ನಿನ್ ಜತೆ ಮಿಷನ್ ತುಳೀಲಿ ಬುಡು, ಅದಕ್ಕೇನೀಗ" ಅಂದುಬಿಟ್ಟರು. ನಾನೂ ಗಣಿತದಲ್ಲಿ ಫೇಲಾಗಿಯೇ ಮಿಷನ್ ಹತ್ತಿದವಳು. ಹೊಲಿಗೆ ಕೆಟ್ಟ ಕೆಲಸ ಅಂತಲ್ಲ. ಆದ್ರೆ ಅವಳು ಬೇಕು ಅಂತ ಹತ್ತಲಿ, ಗತಿಯಿಲ್ಲ ಅಂತ ಹತ್ತೋದು ಬೇಡ.

ಮೇಡಂ ಗಣಿತವನ್ನ ತಾವೇ ತಗೊಂಡ್ರು. ಒಂದು ಸಂಜೆ ಮಗಳು ಬಂದು ನನ್ನ ಕೊರಳಲ್ಲಿದ್ದ ಟೇಪ್ ಎಳಕೊಂಡು, ದಾರದ ರೀಲಿನ ಸುತ್ತ ಹಿಡಿದು ಏನೋ ಅಳೆದು, ಲೆಕ್ಕ ಹಾಕಿ, "ಅಮ್ಮ, ಸರಿ ಬಂತು" ಅಂತ ಕುಣಿದಳು. ಗಣಿತಕ್ಕೆ ಆ ಹುಡುಗಿ ನಕ್ಕಿದ್ದನ್ನ ನಾನು ನೋಡಿದ್ದು ಅದೇ ಮೊದಲು. ನನಗೆ ಸಂತೋಷಕ್ಕಿಂತ ಭಯ ಜಾಸ್ತಿಯಾಯ್ತು. ಪರೀಕ್ಷೆಗೆ ಮುಂಚೆ ಈ ಮೇಡಮ್ಮೂ ಹೊರಟುಬಿಟ್ರೆ?

ನಾಲ್ಕು ರಟ್ಟಿನ ಡಬ್ಬ

ನನ್ನ ಪಕ್ಕದ ಅಂಗಡಿ ಪಾತ್ರೆ ವ್ಯಾಪಾರದ ಭಾಯಿದು. ಅವರ ಇಬ್ಬರು ಮಕ್ಕಳೂ ಅದೇ ಸ್ಕೂಲು. ಪಾತ್ರೆ ತುಂಬಿಕೊಂಡು ಬರೋ ದೊಡ್ಡ ದೊಡ್ಡ ರಟ್ಟಿನ ಡಬ್ಬ ಊರಲ್ಲಿ ಅವರ ಹತ್ರ ಮಾತ್ರ ಸಿಗೋದು. ಹೊರಡೋ ಪ್ರಿನ್ಸಿಪಾಲರು ಸೆಕ್ರೆಟರಿಗೆ ರಾಜೀನಾಮೆ ಕೊಡೋಕೆ ಮುಂಚೆ ಸಾಮಾನು ಕಟ್ಟೋಕೆ ಭಾಯಿ ಹತ್ರ ಡಬ್ಬ ಕೇಳೋರು. ಆರಕ್ಕೆ ಆರೂ ಸಲ ಮೊದಲು ಗೊತ್ತಾಗಿದ್ದು ಭಾಯಿಗೇ.

ಪರೀಕ್ಷೆಗೆ ಎರಡು ತಿಂಗಳು ಇದೆ ಅನ್ನೋವಾಗ, ಒಂದು ಶನಿವಾರ ಬೆಳಗ್ಗೆ ಭಾಯಿ ಏದುಸಿರು ಬಿಡ್ತಾ ಬಂದ್ರು. "ಅಕ್ಕಾ, ನಿನ್ನೆ ಸಂಜೆ ನಾನಿಲ್ಲದಾಗ ಮೇಡಂ ಬಂದಿದ್ರಂತೆ. ನಾಲ್ಕು ಡಬ್ಬ ತಗೊಂಡು ಹೋದ್ರಂತೆ."

ನಾನು ಮಿಷನ್ ಬಿಟ್ಟು ಎದ್ದೆ. ಗೌಡ್ರು ಗೊಬ್ಬರ ತಗೊಳ್ಳೋಕೆ ಪೇಟೆಗೆ ಬಂದಿದ್ದರು. ಸುದ್ದಿ ಕೇಳಿ ಗೊಬ್ಬರದ ಚೀಲ ಅಲ್ಲೇ ಬಿಟ್ಟು, "ನಡೀರಿ, ಕಾಲಿಡ್ಕೊಂಡಾದ್ರೂ ನಿಲ್ಲಿಸ್ಕಳನ" ಅಂದ್ರು. ಭಾಯಿ ಅಂಗಡಿಗೆ ಅರ್ಧ ಶಟರ್ ಎಳೆದ್ರು. ದಾರಿಯಲ್ಲಿ ಸಿಕ್ಕ ಪೇರೆಂಟ್ಸೆಲ್ಲ ಸೇರಿಕೊಂಡು ಹದಿನೈದು ಇಪ್ಪತ್ತು ಜನ ಆದ್ವಿ. ಯಾರೂ ನಡೀತಿರಲಿಲ್ಲ, ಎಲ್ಲರೂ ಓಡ್ತಿದ್ವಿ.

ಸ್ಕೂಲು ಗೇಟಿನ ಹತ್ರ ಬಂದಾಗ ನೋಡ್ತೀನಿ, ಗೌಡ್ರ ಕೈಯಲ್ಲಿ ಸೇವಂತಿಗೆ ಹಾರ. ನನ್ನ ಕಂಕುಳಲ್ಲಿ ಮೆರೂನ್ ಶಾಲು. ಯಾವಾಗ ಬೀರು ತೆಗೆದೆನೋ, ಯಾವಾಗ ತಗೊಂಡೆನೋ, ದೇವರಾಣೆಗೂ ನೆನಪಿಲ್ಲ. ಪ್ರತಿ ಸಲ ಮಾಡಿದ ಕೆಲಸ, ಕೈ ಅದರ ಪಾಡಿಗೆ ಅದು ಮಾಡಿತ್ತು.

ವರಾಂಡದಲ್ಲಿ ಸೆಕ್ರೆಟರಿ ಸಿಕ್ಕಿದ್ರು. ಹಾರ ನೋಡಿದ್ರು, ಶಾಲು ನೋಡಿದ್ರು, ಮುಖ ಸಪ್ಪಗಾಯ್ತು. "ಇವರೂನಾ? ನನಗೆ ಹೇಳೇ ಇಲ್ಲವಲ್ಲ" ಅಂದ್ರು. ನಾನು ಬಾಯಿ ಬಿಡೋಕೆ ಮುಂಚೆ ಶಾಲು ಕಿತ್ತುಕೊಂಡು ಆಫೀಸಿಗೆ ನುಗ್ಗಿ, ಎದ್ದು ನಿಂತ ಮೇಡಂ ಹೆಗಲಿಗೆ ಹೊದಿಸಿ, ಗೌಡ್ರ ಕೈಯ ಹಾರ ಕೊರಳಿಗೆ ಹಾಕಿ, ಬಾಯಿಪಾಠವಾಗಿದ್ದ ಭಾಷಣ ಶುರು ಮಾಡೇಬಿಟ್ರು. "ಇವರ ಸೇವೆ ಅಲ್ಪಕಾಲದ್ದಾದರೂ ನಮ್ಮ ಮನಸ್ಸಿನಲ್ಲಿ ಚಿರಕಾಲ ಉಳಿಯುವಂಥದ್ದು…"

ಮೇಡಂ ಕಣ್ಣಲ್ಲಿ ನೀರು ತುಂಬ್ತು. "ನನ್ನನ್ನ ಯಾಕೆ ಕಳಿಸ್ತೀರಿ?" ಅಂದ್ರು. "ನನ್ನಿಂದ ಏನು ತಪ್ಪಾಯ್ತು?"

"ನಾವೆಲ್ಲಿ ಕಳಿಸ್ತಿದೀವಿ ಮೇಡಂ, ನೀವೇ ಡಬ್ಬ ತಗೊಂಡು ಬಂದ್ರಲ್ಲ" ಅಂದ್ರು ಭಾಯಿ.

ಅಷ್ಟರಲ್ಲಿ ಗಲಾಟೆ ಕೇಳಿ ಪಕ್ಕದ ಕ್ಲಾಸಿಂದ ಹತ್ತನೇ ಕ್ಲಾಸಿನ ಮಕ್ಕಳು ಹೊರಗೆ ಬಂದ್ವು. ಒಂದೊಂದರ ಕೈಯಲ್ಲೂ ರಟ್ಟು. ಒಬ್ಬನದು ಸಿಲಿಂಡರು, ಒಬ್ಬಳದು ಕೋನು. ನಾಲ್ಕು ಡಬ್ಬವನ್ನೂ ಮೇಡಂ ಕತ್ತರಿಸಿ ಗಣಿತದ ಪಾಠಕ್ಕೆ ಹಂಚಿದ್ದರು. ನನ್ನ ಮಗಳು ರಟ್ಟಿನ ಕೋನು ಹಿಡಕೊಂಡು ಮೇಡಂ ಹೆಗಲ ಮೇಲಿನ ಶಾಲು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಅಮ್ಮ, ಇದನ್ನ ಯಾಕೆ ತಂದೆ?" ಅಂದವಳೇ ಅಳೋಕೆ ಶುರು ಮಾಡಿದಳು.

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಎಲ್ಲರೂ ಒಟ್ಟಿಗೇ ಮಾತಾಡಿ, ಕ್ಷಮೆ ಕೇಳಿ, ವಿಷಯ ತಿಳಿ ಆಯ್ತು. ಆದ್ರೆ ಸೆಕ್ರೆಟರಿ ಮಾತ್ರ ತಲೆ ಕೆರ್ಕೊಂಡು, "ಹೊದಿಸಿದ ಮೇಲೆ ಉಳಿದವರು ಯಾರೂ ಇಲ್ಲವಲ್ಲಮ್ಮ" ಅಂದ್ರು. ಗೌಡ್ರ ಮುಖವೂ ಬಾಡ್ತು. ಮಗಳ ಅಳು ಇನ್ನೂ ಜೋರಾಯ್ತು.

ಮೇಜಿನ ಮೇಲೆ ರಟ್ಟು ಕತ್ತರಿಸಿದ ಕತ್ತರಿ ಇತ್ತು. ಮೇಡಂ ಹೆಗಲಿಂದ ಶಾಲು ಎಳಕೊಂಡೆ, ಮೇಜಿನ ಮೇಲೆ ಹರವಿದೆ, ಕೊರಳ ಟೇಪ್ ತೆಗೆದು ಪ್ರಿನ್ಸಿಪಾಲರ ಕುರ್ಚಿಯ ಅಳತೆ ತಗೊಂಡು ಎಲ್ಲರೆದುರೇ ಕತ್ತರಿಸಿಬಿಟ್ಟೆ. ಸೋಮವಾರ ಬೆಳಗ್ಗೆ ಕುರ್ಚಿಗೆ ದಪ್ಪ ಸೀಟ್ ಕವರ್ ಬಂತು, ಮೆರೂನ್ ಬಣ್ಣದ್ದು, ಸುತ್ತ ಜರಿ ಅಂಚು. "ಇದನ್ನ ಹೊದೀಬೇಡಿ ಮೇಡಂ, ಇದರ ಮೇಲೆ ಕೂತ್ಕೊಳ್ಳಿ" ಅಂದೆ. ಮೇಡಂ ನಕ್ಕೊಂಡು ಕೂತ್ರು.

ಕೂತವರು ಏಳಲಿಲ್ಲ. ನನ್ನ ಮಗಳು ಆ ವರ್ಷ ಗಣಿತದಲ್ಲಿ ಅರವತ್ತೇಳು ತೆಗೆದಳು. ರಿಸಲ್ಟ್ ಬಂದ ದಿನ ನಾನು ಅಂಗಡಿಯಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ, ಗಿರಾಕಿ ಇದ್ದರೂ ಬಿಡಲಿಲ್ಲ. ಮಾರನೇ ವರ್ಷ ಸ್ಕೂಲು ತೆಗೆದಾಗಲೂ ಅದೇ ಮೇಡಂ, ಅದರ ಮಾರನೇ ವರ್ಷವೂ ಅದೇ ಮೇಡಂ. ಹಳೇ ಪೇರೆಂಟ್ಸಿಗೆ ನಂಬೋಕೇ ಆಗ್ತಿರಲಿಲ್ಲ.

ಆ ಎರಡನೇ ವರ್ಷ ಒಂದು ಮಧ್ಯಾಹ್ನ ಸೆಕ್ರೆಟರಿ ಅಂಗಡಿಗೆ ಬಂದ್ರು. ಸ್ಟೂಲ್ ಮೇಲೆ ಕೂತು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಕೇಳಿದ್ರು, "ಏನಮ್ಮ, ಆವತ್ತು ಕತ್ತರಿಸಿದ ಶಾಲಲ್ಲಿ ಇನ್ನೇನಾದ್ರೂ ಬಟ್ಟೆ ಉಳಿದಿದ್ಯಾ?"

"ಅರ್ಧ ಇದೆ. ಯಾಕೆ ಸಾರ್?"

"ನನ್ನ ಕುರ್ಚಿಗೂ ಒಂದು ಕವರ್ ಹೊಲಿದುಕೊಡು. ಕಮಿಟಿ ಎಲೆಕ್ಷನ್ ಹತ್ರ ಬಂತು."